ಆರ್ಡಿಸಳ ಕೈಗೆ ಒಂದೇ ಹೂವು

ಮಾತು ಬೆಳ್ಳಿ, ಮೌನ ಬಂಗಾರ ಎಂದು ಕ್ಲಿಯರ್ ಫೋರ್ಕ್ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾರ್ತ್ ಡಕೋಟಾದ ಆ ಬಯಲಿನಲ್ಲಿ ತಲೆಮಾರುಗಳಿಂದ ಅವರು ಬಂಗಾರವನ್ನೇ ಕೂಡಿಡುತ್ತ ಬಂದವರು. ಗಂಡನಾದವನು ಉಂಡೆದ್ದು ‘ಪರವಾಗಿಲ್ಲ’ ಎಂದರೆ ಹೆಂಡತಿ ಆ ದಿನವೆಲ್ಲ ಬೀಗಿಕೊಂಡು ಓಡಾಡುತ್ತಾಳೆ. ಯಾರಾದರೂ ಸತ್ತರೆ ಬಾಯಿಬಿಟ್ಟು ಸಮಾಧಾನ ಹೇಳುವವರಿಲ್ಲ. ಮಾಂಸ, ಆಲೂಗಡ್ಡೆ, ಡಬ್ಬಿಯ ಸೂಪು ಸೇರಿಸಿ ಬೇಯಿಸಿದ ಹಾಟ್‌ಡಿಶ್ಶನ್ನು ತಂದು ಸತ್ತವರ ಮನೆಯ ಮೇಜಿನ ಮೇಲಿಟ್ಟು, ‘ಪಾತ್ರೆಗೇನೂ ಅವಸರ ಇಲ್ಲ’ ಎಂದು ಹೊರಟುಬಿಡುತ್ತಾರೆ. ಆರ್ಡಿಸ್ ಟಾಲೆಫ್‌ಸನ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲ ಇದೇ ಊರಿನಲ್ಲಿ. ಆಕೆಯ ಬಾಯಿಗೆ ಬಿದ್ದ ಬೀಗ ಆಕೆಯ ಸ್ವಂತದ್ದಲ್ಲ, ಊರಿನದೇ.

ಆಕೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕಾಲು ಕ್ಲಚ್ಚಿಗೆ ಎಟುಕುವ ಮೊದಲೇ ಅಪ್ಪ ಆಕೆಯನ್ನು ಗೋಧಿಯ ಲಾರಿಗೆ ಹತ್ತಿಸಿದ್ದ. ಆಮೇಲೆ ಸ್ಟೀರಿಂಗ್ ಹಿಡಿದ ಕೈ ಬಿಡಲೇ ಇಲ್ಲ. ಹಿಮ ಬಿದ್ದು ರಸ್ತೆ ಯಾವುದು, ಚರಂಡಿ ಯಾವುದು ತಿಳಿಯದ ಬೆಳಿಗ್ಗೆಯೂ ಆರ್ಡಿಸಳ ಹಳದಿ ಬಸ್ಸು ಬರುತ್ತದೆ ಎಂದು ತಾಯಂದಿರು ಮಕ್ಕಳಿಗೆ ಟೋಪಿ ಹಾಕಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಗಂಡ ಮರ್ಲ್ ಊರಿನ ಧಾನ್ಯದ ಕಣಜ ನೋಡಿಕೊಳ್ಳುತ್ತಿದ್ದವನು. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಗಂಡ ಹೆಂಡತಿ ಒಂದೇ ಒಂದು ಸಲ ಮಾತಾಡಿದ್ದರು. ಅದೂ ಕಾರಿನಲ್ಲಿ, ಇಬ್ಬರೂ ಮುಂದಿನ ರಸ್ತೆಯನ್ನೇ ನೋಡುತ್ತ.

ಹೀಗಿರುವಾಗ ಒಂದು ಸಂಜೆ ಕಾರ್ಲೀನ್ ಬಾಗಿಲು ತಟ್ಟಿದಳು. ಈ ಕಾರ್ಲೀನ್ ಹೈಸ್ಕೂಲಿನ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ಪಂದ್ಯಗಳಲ್ಲಿ ಮೈಕು ಹಿಡಿಯುವವಳೂ ಅವಳೇ, ಚರ್ಚಿನ ಊಟಕ್ಕೆ ಕಾಫಿ ಕಾಯಿಸುವವಳೂ ಅವಳೇ. ಒಂದು ವರ್ಷ ಓದಲು ಪರದೇಶಗಳಿಂದ ಬರುವ ಮಕ್ಕಳಿಗೆ ಊರಿನಲ್ಲಿ ಮನೆ ಹುಡುಕುವವಳೂ ಅವಳೇ. ಅವಳಿಲ್ಲದೆ ಅಲ್ಲಿ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಆ ಸಂಜೆ ಅವಳ ಹಿಂದೆ ಡೆನ್ಮಾರ್ಕಿನ ಒಬ್ಬ ಉದ್ದನೆಯ ಹುಡುಗ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನನ್ನು ಇಟ್ಟುಕೊಳ್ಳಬೇಕಾಗಿದ್ದವರ ಮನೆಯಲ್ಲಿ ನೀರಿನ ಪೈಪು ಒಡೆದು ನೆಲವೆಲ್ಲ ಕೆರೆಯಾಗಿತ್ತು. ಆರ್ಡಿಸ್ ಏನನ್ನುವುದೆಂದು ಯೋಚಿಸುವಷ್ಟರಲ್ಲಿ ಮರ್ಲ್ ಪೇಪರಿನ ಹಿಂದಿನಿಂದ, “ಮೇಲಿನ ರೂಮು ಖಾಲಿಯೇ ಇದೆಯಲ್ಲ” ಎಂದ.

ಅಲ್ಲಿಂದಾಚೆ ಆ ರೂಮು ಖಾಲಿ ಬಿದ್ದದ್ದಿಲ್ಲ. ಪ್ರತಿ ಆಗಸ್ಟಿನಲ್ಲಿ ಒಬ್ಬರು ಬರುವರು, ಜೂನಿನಲ್ಲಿ ಹೋಗುವರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದ ಆರ್ಡಿಸಳಿಗೆ ಬಂದವರೆಲ್ಲ ಮುದ್ದು. ಹಾಗೆಂದು ಆಕೆ ಒಬ್ಬರ ತಲೆಯನ್ನೂ ಸವರಿದವಳಲ್ಲ. ಮುದ್ದು ಮಾಡುವುದೆಂದರೆ ಆಕೆಯ ಲೆಕ್ಕದಲ್ಲಿ ಬೂಟು ಕೊಡುವುದು. ನೆಲಮಾಳಿಗೆಯ ಮೆಟ್ಟಿಲ ಪಕ್ಕ ಹಿಮದ ಬೂಟುಗಳ ಒಂದು ಸಾಲಿತ್ತು. ಡೆನ್ಮಾರ್ಕಿನವನು ಬಿಟ್ಟುಹೋದದ್ದನ್ನು ಜಪಾನಿನವನು ಹಾಕಿಕೊಂಡ, ಅವನು ಬಿಟ್ಟದ್ದನ್ನು ಇಟಲಿಯವಳು. ಹೋಗುವ ದಿನ ಬೂಟನ್ನು ಒರೆಸಿ ಸಾಲಿನಲ್ಲಿಟ್ಟು ಹೋಗುವುದು ಆ ಮನೆಯ ಪದ್ಧತಿ. ಅವರನ್ನು ವಿಮಾನ ಹತ್ತಿಸಿ ಬಂದ ಕೂಡಲೇ ಮೇಲಿನ ಹಾಸಿಗೆಯ ಚಾದರ, ದಿಂಬಿನ ಚೀಲ ಎಲ್ಲ ಎಳೆದು ಒಗೆಯಲು ಹಾಕುವುದು ಆರ್ಡಿಸಳ ಪದ್ಧತಿ. ಬಟ್ಟೆ ಒಗೆಯುವ ಯಂತ್ರ ಗಡಗಡ ಎನ್ನುವಾಗ ಮನೆಯಲ್ಲಿ ಬೇರೇನೂ ಕೇಳಿಸುವುದಿಲ್ಲ. ಆ ಹೊತ್ತಿಗೆ ಮರ್ಲ್ ಕಾರಣವಿಲ್ಲದೆ ಹೊರಗೆ ಹೋಗಿ ಕಾರಿನ ಎಣ್ಣೆ ನೋಡುತ್ತಿದ್ದ.

ಮರ್ಲ್ ಹೋದ ಮೇಲೂ ಆರ್ಡಿಸ್ ಮಕ್ಕಳನ್ನು ಇಟ್ಟುಕೊಳ್ಳುವುದು ಬಿಡಲಿಲ್ಲ. ಆದರೆ ಹೋದ ವರ್ಷ ಬಂದಿದ್ದ ಜರ್ಮನಿಯ ಹುಡುಗ ಕ್ರಿಸ್ಮಸ್ ಕಳೆದ ಮೇಲೆ, ತನ್ನ ವಯಸ್ಸಿನವರಿರುವ ಮನೆ ಬೇಕೆಂದು ಕೇಳಿ ಬೇರೆ ಕಡೆ ಹೊರಟುಹೋದ. ತಪ್ಪೇನೂ ಅಲ್ಲ. ಮುದುಕಿಯೊಬ್ಬಳ ಎದುರು ದಿನಾ ಕೂತು ಉಣ್ಣುವುದು ಹದಿಹರೆಯದ ಹುಡುಗನಿಗೆ ಬೇಸರವೇ. ಆರ್ಡಿಸ್ ‘ಪರವಾಗಿಲ್ಲ’ ಎಂದಳು, ಪೆಟ್ಟಿಗೆಯನ್ನೂ ತಾನೇ ಕಾರಿಗೆ ಹಾಕಿದಳು. ಆದರೆ ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡಳು. ಇನ್ನೊಬ್ಬರನ್ನು ನೋಡುವುದು. ಅವರೂ ಎದ್ದು ಹೋದರೆ, ತಾನು ಯಾರ ತಾಯಿಯೂ ಆಗಲಾರೆ ಎಂದು ಒಪ್ಪಿಕೊಂಡು ಮೇಲಿನ ರೂಮಿಗೆ ಬೀಗ ಹಾಕಿಬಿಡುವುದು. ಇದನ್ನು ಕಾರ್ಲೀನಳಿಗೂ ಹೇಳಿದ್ದಳು, “ಇದೇ ಕೊನೆ ಇರಬಹುದು ನೋಡು” ಎಂದಷ್ಟೇ.

ಆ ಇನ್ನೊಬ್ಬಳೇ ರುಕ್ಸಾಂಡ. ಮಾಲ್ಡೋವಾ ದೇಶದ ಹುಡುಗಿ. ಸಣ್ಣ ಮೈ, ದಪ್ಪ ಹುಬ್ಬು, ಯಾವಾಗಲೂ ಏನನ್ನೋ ಅಳೆಯುವಂಥ ಕಣ್ಣು. ತಾಯಿ ಇಟಲಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಹುಡುಗಿ ಬೆಳೆದದ್ದು ಅಜ್ಜಿಯ ಕೈಯಲ್ಲಿ. ಊರಿನವರಿಗೆ ಆ ಹೆಸರು ನಾಲಿಗೆ ತಿರುಗದೆ ‘ರಾಕ್ಸಿ’ ಮಾಡಿಕೊಂಡರು. ಆರ್ಡಿಸ್ ಮಾತ್ರ ಮಕ್ಕಳನ್ನು ಇಳಿಸಿ ಬರುವಾಗ ಖಾಲಿ ಬಸ್ಸಿನಲ್ಲಿ ರುಕ್ಸಾಂಡ, ರುಕ್ಸಾಂಡ ಎಂದು ಗಟ್ಟಿಯಾಗಿ ಹೇಳಿಕೊಂಡು ಕಲಿತಳು. ಮೊದಲ ಸಲ ಅದನ್ನು ಸರಿಯಾಗಿ ಕೂಗಿದಾಗ ಹುಡುಗಿ ಮಹಡಿಯಿಂದ ಓಡಿ ಇಳಿದು ಬಂದು, “ಏನು, ಏನಾಯ್ತು?” ಎಂದಳು. ಏನೂ ಆಗಿರಲಿಲ್ಲ. “ಆಲೂಗಡ್ಡೆ ತಣ್ಣಗಾಗುತ್ತೆ, ಬಾ” ಎಂದಳು ಆರ್ಡಿಸ್.

ಬ್ರೆಜಿಲಿನ ಹುಡುಗಿ ಬಿಟ್ಟುಹೋಗಿದ್ದ ಬೂಟು ರುಕ್ಸಾಂಡಳ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಅವಳು ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಬೇರೆ ಮಕ್ಕಳು ಹಿಂದೆ ಕರೆದರೂ ಹೋಗುತ್ತಿರಲಿಲ್ಲ. ಮಾತೇನೂ ಇಲ್ಲ. ಕನ್ನಡಿಯಲ್ಲಿ ಆಗಾಗ ಕಣ್ಣು ಸಿಕ್ಕಿದರೆ ಹುಬ್ಬು ಎತ್ತುವಳು, ಆರ್ಡಿಸ್ ಕೂಡ ಹುಬ್ಬು ಎತ್ತುವಳು. ಹೊಟ್ಟೆಗೆ ಹಾಲು ಹುಯ್ದ ಹಾಗಾಗುತ್ತಿತ್ತು ಆಕೆಗೆ. ಆದರೆ ಹೋದ ವರ್ಷದ್ದು ನೆನಪಾಗಿ, ಇಷ್ಟಕ್ಕೇ ಕುಣಿಯಬೇಡ ಎಂದು ತನಗೆ ತಾನೇ ಗದರಿಕೊಳ್ಳುವಳು.

ಚಳಿಗಾಲ ಬಂದಾಗ ಹುಡುಗಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿದಳು. ಅವಳಿಗೆ ಆಟ ಬರುತ್ತಿತ್ತೆಂದಲ್ಲ. ಆ ಶಾಲೆಯಲ್ಲಿ ತಂಡ ತುಂಬುವಷ್ಟು ಹುಡುಗಿಯರೇ ಇರಲಿಲ್ಲ, ಎರಡು ಕಾಲಿದ್ದವರನ್ನೆಲ್ಲ ತೆಗೆದುಕೊಳ್ಳುತ್ತಿದ್ದರು. ತಂಡ ಚೆನ್ನಾಗಿ ಸೋತಮೇಲೆ, ಇನ್ನೇನೂ ಕೆಡುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಕೋಚ್ ಅವಳನ್ನು ಒಳಗೆ ಕಳಿಸುತ್ತಿದ್ದಳು. ಆ ಎರಡು ನಿಮಿಷಕ್ಕಾಗಿ ಆರ್ಡಿಸ್ ಪ್ರತಿ ಪಂದ್ಯಕ್ಕೂ ಹೋಗಿ ಗಟ್ಟಿ ಹಲಗೆಯ ಮೇಲೆ ಕೂತು ಬರುತ್ತಿದ್ದಳು.

ಫೆಬ್ರವರಿಯಲ್ಲಿ, ಊರಿನಲ್ಲಿ ನಡೆಯುವ ಕೊನೆಯ ಪಂದ್ಯದ ದಿನ, ಕೊನೆಯ ವರ್ಷದ ಆಟಗಾರರಿಗೆ ಒಂದು ಮರ್ಯಾದೆಯಿದೆ. ಆಟ ಶುರುವಾಗುವ ಮೊದಲು ಒಬ್ಬೊಬ್ಬಳೇ ತಂದೆ ತಾಯಿಯ ಕೈ ಹಿಡಿದು ಅಂಕಣದ ನಡುವೆ ನಡೆದು ಬರುತ್ತಾಳೆ. ಕಾರ್ಲೀನ್ ಮೈಕಿನಲ್ಲಿ ಹೆಸರು ಕೂಗುತ್ತಾಳೆ. ಮಗಳು ತಂದೆಗೊಂದು, ತಾಯಿಗೊಂದು ಹೂವು ಕೊಟ್ಟು ಅಪ್ಪಿಕೊಳ್ಳುತ್ತಾಳೆ. ಊರಿಗೆ ಊರೇ ಕೂತು ನೋಡುತ್ತದೆ. ವರ್ಷವೆಲ್ಲ ಅಪ್ಪಿಕೊಳ್ಳದವರೂ ಅವತ್ತು ಅಪ್ಪಿಕೊಳ್ಳಲೇಬೇಕು. ಅದಕ್ಕೇ ಇರಬೇಕು, ಆ ಊರಿನ ಹೆಂಗಸರು ಆ ದಿನಕ್ಕೆ ಬಾಯಿ ಬಿಡದೆ ಕಾಯುತ್ತಾರೆ.

ಅದರ ಹಿಂದಿನ ವಾರ ರುಕ್ಸಾಂಡ ಪಾತ್ರೆ ಒರೆಸುತ್ತ ಕೇಳಿದಳು. “ಅವತ್ತು ನನ್ನ ಜೊತೆ ಯಾರು ಬರ್ತಾರೆ?”

“ಕೋಚ್ ಬರ್ತಾಳೆ. ಇಲ್ಲಾ, ನಿನಗೆ ಬೇಕು ಅಂದ್ರೆ ನಾನು.”

“ನೀವು ಬನ್ನಿ.”

“ಹೂಂ. ಆಯ್ತು,” ಎಂದಳು ಆರ್ಡಿಸ್, ಯಾರೋ ಉಪ್ಪು ಕೇಳಿದ ಹಾಗೆ. ಆಮೇಲೆ ನೆಲಮಾಳಿಗೆಗೆ ಹೋಗಿ ನೀಲಿ ಸ್ವೆಟರನ್ನು ಹುಡುಕಿ ತೆಗೆದು, ಅದಕ್ಕೆ ಬೇಕಾಗಿರದಿದ್ದರೂ ಇಸ್ತ್ರಿ ಹಾಕಿದಳು.

ಆ ಸಂಜೆ ಬಾಗಿಲ ಬಳಿ ಬಕೆಟ್ಟಿನಲ್ಲಿ ಕೆಂಪು ಕಾರ್ನೇಷನ್ ಹೂವುಗಳನ್ನು ಇಟ್ಟುಕೊಂಡು ನಿಂತಿದ್ದವಳೂ ಕಾರ್ಲೀನಳೇ. ಎರಡೆರಡು ಹೂವಿಗೆ ಒಂದೊಂದು ಬಿಳಿ ರಿಬ್ಬನ್ ಕಟ್ಟಿದ್ದಳು. ಆರ್ಡಿಸಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. “ನಿನಗೂ ಎರಡು ಕಟ್ಟಿದೀನಿ ಕಣೇ. ಒಂದು ನಿಂದು, ಇನ್ನೊಂದು ಮರ್ಲ್‌ದು. ಇದ್ದಿದ್ರೆ ಅವನೂ ಬರ್ತಿದ್ದನಲ್ಲ.” ಆರ್ಡಿಸ್ ರಿಬ್ಬನ್ನಿನ ಗಂಟನ್ನು ಮುಟ್ಟಿ ನೋಡಿದಳು. “ರಿಬ್ಬನ್ ಚೆನ್ನಾಗಿದೆ” ಎಂದಳು.

ರುಕ್ಸಾಂಡಳ ಸರದಿ ಕೊನೆಯದು. ಅವಳು ಆಟದ ಬಟ್ಟೆಯಲ್ಲಿ ನಗುತ್ತಲೇ ಓಡಿ ಬಂದಳು. ಕಾರ್ಲೀನ್ ಹೂವನ್ನು ಕೈಗಿಟ್ಟು ಮೈಕಿನತ್ತ ಹೋದಳು. ಹುಡುಗಿ ಹೂವನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. ಮುಖ ಬಿಳಿಚಿಕೊಂಡಿತು. “ಹುಷಾರಿಲ್ವಾ?” ಎಂದು ಆರ್ಡಿಸ್ ಕೇಳುವಷ್ಟರಲ್ಲಿ ಹೆಸರು ಕೂಗಿಯಾಗಿತ್ತು. ಇಬ್ಬರೂ ನಡೆದರು. ಹುಡುಗಿಯ ಕೈ ತಣ್ಣಗಿತ್ತು. ಅಂಕಣದ ನಡುವೆ, ನೆಲದ ಮೇಲೆ ಗೋಧಿಯ ತೆನೆಯ ಚಿತ್ರ ಬರೆದ ಕಡೆ ನಿಂತರು. ಅಲ್ಲಿ ರುಕ್ಸಾಂಡ ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಂದು ಹೂವನ್ನು ನೆಲಕ್ಕೆ ಬಿಸಾಡಿ ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಇನ್ನೊಂದನ್ನು ಮಾತ್ರ ಆರ್ಡಿಸಳ ಕೈಗೆ ತುರುಕಿ, ಅಪ್ಪಿಕೊಳ್ಳದೆ, ತಂಡದ ಬೆಂಚಿನ ಕಡೆ ಓಡಿಹೋದಳು.

ಚಪ್ಪಾಳೆ ಅಲ್ಲಲ್ಲಿ ಬಿದ್ದು ನಿಂತುಹೋಯಿತು. ಆರ್ಡಿಸ್ ಒಬ್ಬಳೇ ಊರಿನ ಮುಂದೆ ನಿಂತಿದ್ದಳು. ಬಿದ್ದ ಹೂವು ಸ್ವಲ್ಪ ದೂರದಲ್ಲೇ ಇತ್ತು. ಬಗ್ಗಿ ಎತ್ತಿಕೊಳ್ಳೋಣ ಎನ್ನಿಸಿತು, ಆದರೆ ಅಷ್ಟು ಜನರೆದುರು ಮಂಡಿ ಮಡಿಸಲು ಆಕೆಗೆ ಆಗಲಿಲ್ಲ. ಮರ್ಲ್‌ನ ಹೂವು ಅದು. ಸುಮ್ಮನೆ ನಡೆದು ಹೋಗಿ ತನ್ನ ಜಾಗದಲ್ಲಿ ಕೂತು ಪಂದ್ಯವನ್ನು ಕೊನೆಯವರೆಗೂ ನೋಡಿದಳು. ಕೊನೆಯ ಎರಡು ನಿಮಿಷ ರುಕ್ಸಾಂಡ ಆಡಿದಾಗ ಎಲ್ಲರಂತೆ ಕೈ ತಟ್ಟಿದಳು.

ಮನೆಗೆ ಬರುವ ದಾರಿಯಲ್ಲಿ, “ಹೀಟರ್ ಸಾಕಾ?” ಎಂದಳು.

“ಸಾಕು,” ಎಂದಳು ಹುಡುಗಿ.

ಮುಗಿಯಿತು. ‘ಯಾಕಮ್ಮಾ ಹಾಗೆ ಮಾಡಿದೆ’ ಎಂದು ಬೇರೆ ಯಾವ ಊರಿನವರಾದರೂ ಕೇಳುತ್ತಿದ್ದರು. ಕೈ ಹಿಡಿದು ಜಗಳವನ್ನಾದರೂ ಆಡುತ್ತಿದ್ದರು, ಬೆಳಗಾಗುವುದರೊಳಗೆ ಗಂಟು ಬಿಚ್ಚಿಕೊಳ್ಳುತ್ತಿತ್ತು. ಕ್ಲಿಯರ್ ಫೋರ್ಕಿನಲ್ಲಿ ಹಾಗೆ ಕೇಳುವುದು ಇನ್ನೊಬ್ಬರ ಮನೆಯ ಕಪಾಟು ತೆಗೆದು ನೋಡಿದಷ್ಟೇ ಅಸಭ್ಯ. ಆರ್ಡಿಸ್ ಕೇಳಲಿಲ್ಲ. ಹುಡುಗಿಯೂ ಹೇಳಲಿಲ್ಲ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮರುದಿನ ಎದುರುಬದುರು ಕೂತು ರೊಟ್ಟಿಗೆ ಬೆಣ್ಣೆ ಸವರಿದರು. ಒಂದೇ ಹೂವು ಕಿಟಕಿಯ ಬಳಿ ನೀರಿನ ಲೋಟದಲ್ಲಿತ್ತು.

ಊರು ಮಾತ್ರ ಸುಮ್ಮನಿರಲಿಲ್ಲ. ಮುಖದೆದುರು ಮಾತಾಡದ ಊರು ಬೆನ್ನ ಹಿಂದೆ ಬೇಕಾದಷ್ಟು ಮಾತಾಡುತ್ತದೆ. ಶನಿವಾರ ಕಾರ್ಲೀನ್ ಫೋನು ಮಾಡಿದಳು.

“ನಿನ್ನ ಹುಡುಗಿ ಖುಷಿಯಾಗಿಲ್ಲ ಅನ್ಸುತ್ತೆ ಆರ್ಡಿಸ್. ಹೋದ ವರ್ಷದ ಹಾಗೇ ಆಗೋದು ಬೇಡ, ನಿನಗೂ ಬೇಜಾರು. ಊರಾಚೆ ಒಂದು ಮನೆ ಇದೆ, ಅವಳ ವಯಸ್ಸಿನ ಇಬ್ರು ಹುಡುಗೀರಿದ್ದಾರೆ. ಕುದುರೇನೂ ಇದೆ.”

“ಕುದುರೆ ಅಂದ್ರೆ ಅವಳಿಗೆ ಇಷ್ಟ ಆಗಬಹುದು,” ಎಂದಳು ಆರ್ಡಿಸ್.

“ನೀನೇನಂತೀಯ?”

“ಅವಳಿಗೆ ಯಾವುದು ಸರಿಯೋ ಅದು.”

ಊಟದ ಹೊತ್ತಿನಲ್ಲಿ ಆರ್ಡಿಸ್ ಹುಡುಗಿಗೆ ವಿಷಯ ತಿಳಿಸಿದಳು, ತಟ್ಟೆಯನ್ನು ನೋಡುತ್ತ. ರುಕ್ಸಾಂಡ ಚಮಚ ಕೆಳಗಿಟ್ಟಳು. “ನಾನು ಹೋಗ್ಬೇಕು ಅಂತೀರಾ?”

“ನಿನ್ನಿಷ್ಟ ಕಣಮ್ಮ. ನನಗೇನೂ ಬೇಜಾರಿಲ್ಲ.”

ಆರ್ಡಿಸ್ ಟಾಲೆಫ್‌ಸನ್ ತನ್ನ ಜೀವಮಾನದಲ್ಲಿ ಆಡಿದ ಅತಿ ದೊಡ್ಡ ಸುಳ್ಳು ಅದು. ತನ್ನ ನೋವನ್ನು ಹುಡುಗಿಯ ತಲೆಗೆ ಕಟ್ಟಬಾರದು, ಅವಳಿಗೆ ಹೋಗುವ ದಾರಿ ಸಲೀಸಾಗಿರಲಿ ಎಂದು ಆಡಿದ ಸುಳ್ಳು. ಹುಡುಗಿ ತಲೆಯಾಡಿಸಿ ತಟ್ಟೆಯನ್ನು ತೊಳೆದಿಟ್ಟು ಮೇಲೆ ಹೋದಳು. ಆಮೇಲೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು.

ಭಾನುವಾರ ಬೆಳಿಗ್ಗೆ ಆರ್ಡಿಸ್ ಜಾಮಿನ ಬಾಟಲಿ ತರಲು ನೆಲಮಾಳಿಗೆಗೆ ಇಳಿದಳು. ಮೆಟ್ಟಿಲ ಪಕ್ಕದ ಸಾಲಿನಲ್ಲಿ ಬ್ರೆಜಿಲಿನವಳ ಬೂಟು ಕೂತಿತ್ತು. ಒರೆಸಿ, ದಾರ ಬಿಗಿದು, ಮೂತಿ ಗೋಡೆಯ ಕಡೆ ಮಾಡಿ ಇಟ್ಟಿದ್ದಳು ರುಕ್ಸಾಂಡ. ಆರ್ಡಿಸ್ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ಹುಡುಗಿ ಹೋಗುವುದು ತನಗೆ ಬೇಡ ಎಂದು ಆಕೆಗೆ ಆಗ ಸ್ಪಷ್ಟವಾಗಿ ಗೊತ್ತಾಯಿತು. ಬೀಗ ಹಾಕಬೇಕಾದ ರೂಮು, ಎಳೆಯಬೇಕಾದ ಚಾದರ, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಎದ್ದು, ಜಾಮು ತೆಗೆದುಕೊಂಡು ಮೇಲೆ ಬಂದಳು. ಆ ಊರಿನವರೇ ಹಾಗೆ, ಮನೆಗೆ ಬೆಂಕಿ ಬಿದ್ದರೂ ಮೊದಲು ಕಾಫಿಗೆ ನೀರಿಡುತ್ತಾರೆ.

ಚರ್ಚು ಮುಗಿದ ಮೇಲೆ ಹುಡುಗಿಯನ್ನು ಕರೆದೊಯ್ಯಲು ಕಾರ್ಲೀನ್ ಬಂದಳು. ಅವಳ ಕೈಯಲ್ಲಿ ಒಂದು ಕೆಂಪು ಕಾರ್ನೇಷನ್ ಇತ್ತು.

“ಅವತ್ತು ನೆಲದಿಂದ ಎತ್ತಿಟ್ಟಿದ್ದೆ. ಆಫೀಸಲ್ಲಿ ನೀರಿಗೆ ಹಾಕಿದ್ದೆ, ಬಾಡಿಲ್ಲ ನೋಡು,” ಎನ್ನುತ್ತ ತಾನೇ ಕಿಟಕಿಯ ಬಳಿ ಹೋಗಿ ಲೋಟದಲ್ಲಿದ್ದ ಹೂವಿನ ಜೊತೆಗೆ ಅದನ್ನೂ ಇಳಿಸಿದಳು. “ಇದೂ ಇಲ್ಲೇ ಇರ್ಲಿ. ಮರ್ಲ್‌ದು.”

ಆರ್ಡಿಸ್ ಕಾಫಿ ಬಗ್ಗಿಸಿದಳು.

ರುಕ್ಸಾಂಡ ಪೆಟ್ಟಿಗೆ ಹಿಡಿದು ಮಹಡಿಯಿಂದ ಇಳಿದು ಬಂದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೋಗಿಬರುತ್ತೇನೆ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಕಣ್ಣು ಕಿಟಕಿಯ ಮೇಲಿತ್ತು.

“ಯಾರು ಇಟ್ಟಿದ್ದು ಅದನ್ನ?”

“ನಾನೇ ಕಣಮ್ಮ,” ಎಂದಳು ಕಾರ್ಲೀನ್. “ಯಾಕೆ?”

ಪೆಟ್ಟಿಗೆ ದಬ್ಬೆಂದು ಬಿತ್ತು. ಹುಡುಗಿ ಎರಡೇ ಹೆಜ್ಜೆಯಲ್ಲಿ ಕಿಟಕಿಗೆ ಹೋಗಿ ಒಂದು ಹೂವನ್ನು ಕಿತ್ತುಕೊಂಡು, ಹಿಂಬಾಗಿಲು ತೆಗೆದು, ಅದನ್ನು ಹಿಮಕ್ಕೆ ಎಸೆದಳು. ಚಳಿಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರಗಳು ಹಾರಿದವು.

“ಎರಡು ಇಡಬಾರದು. ಎರಡು ಸತ್ತೋರಿಗೆ. ನಮ್ಮ ತಾತನ ಶವದ ಪೆಟ್ಟಿಗೆ ಮೇಲೆ ಎಲ್ಲರೂ ಎರಡೆರಡೇ ಇಟ್ರು, ಎರಡು, ನಾಲ್ಕು, ಆರು. ಬದುಕಿರೋರಿಗೆ ಯಾವತ್ತೂ ಒಂದು, ಇಲ್ಲಾ ಮೂರು.” ಅವಳು ಆರ್ಡಿಸಳ ಕಡೆ ತಿರುಗಿದಳು. “ನೀವು ಬದುಕಿದೀರ. ಅಷ್ಟು ಜನದ ಮುಂದೆ ನನ್ನ ಕೈಯಿಂದ ನಿಮಗೆ ಎರಡು ಕೊಡಿಸ್ತಾರೆ ಇವರು. ಕೊಟ್ಟು ನೀವು ಸತ್ತುಹೋದ್ರೆ?”

ಹೇಳಿಬಿಟ್ಟೆನಲ್ಲ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನೂರು ಕೊಡುವ ಕಡೆ ನೂರಾ ಒಂದು ಇಟ್ಟು ಮುಯ್ಯಿ ಮಾಡುವ ನಮಗೆ ಇದು ಥಟ್ಟನೆ ಹೊಳೆಯುತ್ತದೆ. ಮೊಟ್ಟೆಯನ್ನೂ ಗುಲಾಬಿಯನ್ನೂ ಡಜನ್ ಲೆಕ್ಕದಲ್ಲೇ ಕೊಳ್ಳುವ ಕ್ಲಿಯರ್ ಫೋರ್ಕಿನವರಿಗೆ ಹೊಳೆಯುವ ಮಾತೇ ಅಲ್ಲ. ಕಾರ್ಲೀನಳ ಕೈಯಲ್ಲಿದ್ದ ಕಾಫಿಯ ಕಪ್ಪು ಅರ್ಧದಲ್ಲೇ ನಿಂತಿತು.

“ಅಯ್ಯೋ ದೇವರೇ,” ಎಂದಳು. “ಗಂಡ ಇಲ್ಲದೋರಿಗೆಲ್ಲ ನಾನು ಇಷ್ಟು ವರ್ಷದಿಂದ ಎರಡೆರಡು ಕಟ್ಟಿ ಕೊಟ್ಟಿದೀನಲ್ಲ.”

“ಎಲ್ಲರೂ ಗಟ್ಟಿಮುಟ್ಟಾಗೇ ಇದಾರೆ ಬಿಡು,” ಎಂದಳು ಆರ್ಡಿಸ್. ಆಕೆಯ ಧ್ವನಿ ಎಂದಿನ ಹಾಗಿರಲಿಲ್ಲ. ಎದ್ದು ಹೋಗಿ ಹಿಂಬಾಗಿಲು ಮುಚ್ಚಿದಳು. ಹುಡುಗಿಯ ಎದುರು ಬಂದು ನಿಂತಳು. “ಮತ್ತೆ ಅವತ್ತೇ ಹೇಳೋದಲ್ವೇನೇ?”

“ಸಾವಿನ ಮಾತು ಬಾಯಲ್ಲಿ ಬಂದ್ರೆ ಅದು ಮನೆಗೆ ಬರುತ್ತೆ ಅಂತಾಳೆ ಅಜ್ಜಿ. ನೀವೂ ಕೇಳಲಿಲ್ಲ.”

“ಇಲ್ಲ. ನಾನೂ ಕೇಳಲಿಲ್ಲ.”

“ನೀವು ಕೋಪ ಮಾಡಿಕೊಂಡು ಕಳಿಸ್ತಿದೀರ ಅಂದ್ಕೊಂಡೆ.” ಹುಡುಗಿ ಮೂಗು ಒರೆಸಿಕೊಂಡಳು. “ನಮ್ಮಮ್ಮ ಇಟಲೀಲಿ ಯಾರದೋ ಅಮ್ಮಂಗೆ ಸೂಪು ಕುಡಿಸ್ತಾಳೆ. ನಮ್ಮ ಸ್ಕೂಲಿಗೆ ನನಗೋಸ್ಕರ ಯಾರೂ ಯಾವತ್ತೂ ಬಂದಿಲ್ಲ. ನೀವೊಬ್ರು ಬಂದ್ರಿ. ಬಂದ ಒಬ್ಬರಿಗೆ ನಾನು ಆ ಹೂ ಕೊಡ್ಲಾ?”

ಆರ್ಡಿಸಳೊಳಗೆ ಏನೋ ಒದ್ದಾಡುತ್ತಿದ್ದದ್ದು ಕಾರ್ಲೀನಳಿಗೂ ಕಾಣುತ್ತಿತ್ತು. ಎಷ್ಟೋ ವರ್ಷದಿಂದ ತೆಗೆಯದ ಬಾಗಿಲು ತೆಗೆಯುವಾಗ ಹೀಗೇ ಆಗುವುದು. ಕೊನೆಗೆ ಮಾತು ಬಂತು, ಬಿಡಿಬಿಡಿಯಾಗಿ.

“ನನಗೆ ಬೇಜಾರಿಲ್ಲ ಅಂದೆನಲ್ಲ, ಅದು ಸುಳ್ಳು. ತುಂಬ ಬೇಜಾರಾಗಿತ್ತು. ನೀನು ಹೋಗೋದು ನನಗೆ ಬೇಡ ಕಣೇ. ಆ ಕುದುರೆ ಮನೆಗೂ ಬೇಡ, ಎಲ್ಲಿಗೂ ಬೇಡ. ಜೂನ್ ತನಕ ನೀನು ನನ್ನ ಹತ್ರಾನೇ ಇರಬೇಕು.”

ಇಷ್ಟು ಉದ್ದದ ಮಾತನ್ನು ಆಕೆ ಮದುವೆಯ ದಿನವೂ ಆಡಿರಲಿಲ್ಲ. ಅಂಕಣದಲ್ಲಿ ಉಳಿದುಹೋಗಿದ್ದ ಅಪ್ಪುಗೆ ಅಡಿಗೆಮನೆಯಲ್ಲಿ ಆಯಿತು. ಕಾರ್ಲೀನ್ ಆ ಕಡೆ ತಿರುಗಿ, ತೊಳೆದಿಟ್ಟಿದ್ದ ಕಪ್ಪನ್ನೇ ಮತ್ತೆ ತೊಳೆದಳು.

ಸ್ವಲ್ಪ ಹೊತ್ತಾದ ಮೇಲೆ ಆರ್ಡಿಸ್ ಕಿಟಕಿಯಾಚೆ ನೋಡಿ, “ಹೊರಗೆ ಬಿದ್ದಿರೋದು ಮರ್ಲ್‌ದು” ಎಂದಳು.

ರುಕ್ಸಾಂಡಳ ಹುಬ್ಬು ಗಂಟಿಕ್ಕಿತು. “ಮರ್ಲ್‌ಗೆ ಒಂದೇನಾ? ಅದೂ ತಪ್ಪು. ಅವರಿಗೆ ಎರಡು ಬೇಕು.”

ಅವಳು ಹಾಗೇ ಕಾಲುಚೀಲದಲ್ಲಿ ಹಿಂಬಾಗಿಲಿಗೆ ಹೊರಟಳು. “ಬೂಟು ಹಾಕ್ಕೊಂಡು ಹೋಗೇ ಮಾರಾಯ್ತಿ,” ಎಂದು ಆರ್ಡಿಸ್ ಗದರಿದಳು. ಹುಡುಗಿ ನೆಲಮಾಳಿಗೆಗೆ ಓಡಿ ಬ್ರೆಜಿಲಿನವಳ ಬೂಟು ಹಾಕಿಕೊಂಡು ಬಂದಳು, ಹಿಮದಲ್ಲಿ ಹುಡುಕಿ ಹೂವನ್ನು ಕೊಡವಿ ತಂದಳು. ಆಮೇಲೆ ಮೂವರೂ ಕಾರ್ಲೀನಳ ಕಾರಿನಲ್ಲಿ ದಿನಸಿ ಅಂಗಡಿಗೆ ಹೋದರು. ಬಿಡಿ ಹೂವು ಮಾರುವುದಿಲ್ಲ ಎಂದ ಅಂಗಡಿಯವನಿಗೆ ಕಾರ್ಲೀನ್ ಅವನ ಅಮ್ಮ ಇಸ್ಪೀಟಿನಲ್ಲಿ ತನಗೆ ಸತತ ಮೂರು ಸಲ ಸೋತದ್ದನ್ನು ನೆನಪಿಸಿ ಒಂದು ಹೂವು ಬಿಡಿಸಿಕೊಂಡಳು. ಸ್ಮಶಾನದಲ್ಲಿ ಕಲ್ಲುಗಳ ನೆತ್ತಿ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಆರ್ಡಿಸ್ ಕೈಗವುಸಿನಿಂದ ಮರ್ಲ್‌ನ ಹೆಸರಿನ ಮೇಲಿನ ಹಿಮ ಸರಿಸಿದಳು. ರುಕ್ಸಾಂಡ ಎರಡು ಹೂವನ್ನು ಅಲ್ಲಿ ನೆಟ್ಟು, ತನ್ನ ಭಾಷೆಯಲ್ಲಿ ಏನೋ ಹೇಳಿದಳು.

“ಏನಂದೆ?” ಎಂದು ಆರ್ಡಿಸ್ ಕೇಳಿದಳು. ಕೇಳುವುದನ್ನು ಆಕೆ ಕಲಿಯುತ್ತಿದ್ದಳು.

“ನಿಮ್ಮ ಹೆಂಡತೀನ ನಾನು ನೋಡ್ಕೋತೀನಿ, ನೀವು ಆರಾಮಾಗಿರಿ ಅಂದೆ.”

ಜೂನಿನಲ್ಲಿ ಹುಡುಗಿ ಹೋದಳು. ಬೂಟನ್ನು ಒರೆಸಿ ಸಾಲಿನಲ್ಲಿಟ್ಟಳು. ವಿಮಾನ ನಿಲ್ದಾಣದಲ್ಲಿ ಇಬ್ಬರೂ ನಾಚಿಕೆಯಿಲ್ಲದೆ ಅತ್ತರು. ಮನೆಗೆ ಬಂದ ಆರ್ಡಿಸ್ ಮೇಲಿನ ಚಾದರವನ್ನು ಎಳೆಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಯಂತ್ರದ ಸದ್ದಿನ ಆಸರೆಯಿಲ್ಲದೆ ಇನ್ನೊಮ್ಮೆ ಅತ್ತಳು. ಆಮೇಲೆ ಕಾರ್ಲೀನಳಿಗೆ ಫೋನು ಮಾಡಿ, “ಮೇಲಿನ ರೂಮು ಖಾಲಿಯೇ ಇದೆಯಲ್ಲ” ಎಂದಳು.

ಆಗಸ್ಟಿನಲ್ಲಿ ಪರಾಗ್ವೆಯ ಹುಡುಗನೊಬ್ಬ ಬರುವವನಿದ್ದ. ಅವನನ್ನು ಕರೆತರಲು ಹೊರಡುವ ಮೊದಲು ಆರ್ಡಿಸ್ ದಿನಸಿ ಅಂಗಡಿಯಿಂದ ಒಂದು ಡಜನ್ ಕಾರ್ನೇಷನ್ ತಂದು ಅಡಿಗೆಮನೆಯ ಮೇಜಿನ ಮೇಲೆ ಹರಡಿದಳು. ಬರುವ ಹುಡುಗನಿಗೆ ಒಂಬತ್ತು ಎಣಿಸಿ ರಿಬ್ಬನ್ ಕಟ್ಟಿದಳು. ಹೋಗುವ ದಾರಿಯಲ್ಲೇ ಸ್ಮಶಾನ, ಮರ್ಲ್‌ಗೆ ಎರಡು ತೆಗೆದಿಟ್ಟಳು. ಮೇಜಿನ ಮೇಲೆ ಒಂದು ಉಳಿಯಿತು. ಲೆಕ್ಕ ತಪ್ಪಿತೇನೋ ಎಂದು ಇನ್ನೊಂದು ಸಲ ಎಣಿಸಿದಳು. ತಪ್ಪಿರಲಿಲ್ಲ. ಬದುಕಿರೋರಿಗೆ ಒಂದು ಎಂದಿದ್ದಳು ರುಕ್ಸಾಂಡ. ಆ ಹೂವು ತನ್ನದೇ ಎಂದು ಆಕೆಗೆ ಗೊತ್ತಾಯಿತು. ಲೋಟಕ್ಕೆ ನೀರು ತುಂಬಿ, ಅದನ್ನು ಕಿಟಕಿಯ ಬಳಿ ಇಟ್ಟು, ಕಾರಿನ ಕೀಲಿ ತೆಗೆದುಕೊಂಡು ಹೊರಟಳು.